ತಿರುವಿನಲ್ಲಿ ಅಲುಗಿದ ಬೈಕುಗಳು

1950ರಿಂದ 1980ರವರೆಗಿನ ಮೂರು ದಶಕಗಳಲ್ಲಿ ಬ್ರಿಟನ್ ಮತ್ತು ಜಪಾನಿನ ಕಾರ್ಖಾನೆಗಳಿಂದ ಹೊರಬಂದ ದೊಡ್ಡ ಮೋಟಾರ್ ಸೈಕಲ್ಲುಗಳಲ್ಲಿ ಹಲವು, ನೇರ ರಸ್ತೆಯಲ್ಲಿ ತಮ್ಮ ಕಾಲದ ಬಹುಪಾಲು ಕಾರುಗಳನ್ನು ಹಿಂದೆ ಹಾಕುವಷ್ಟು ಬಲಿಷ್ಠವಾಗಿದ್ದರೂ, ತಿರುವು ಎದುರಾದೊಡನೆ ಸವಾರನ ಮಾತು ಕೇಳದ ಗಾಡಿಗಳಾಗಿದ್ದವು. ಅವುಗಳನ್ನು ಸಾಲ ಮಾಡಿ ಕೊಂಡು, ಓಡಿಸಿ, ಬಿದ್ದೆದ್ದು, ಬಿಚ್ಚಿ ಜೋಡಿಸಿ, ಮತ್ತೆ ಓಡಿಸಿದ ಪೀಳಿಗೆಗೆ ಈಗ ಎಪ್ಪತ್ತು ದಾಟಿದೆ. ಅವರ ನೆನಪುಗಳಲ್ಲಿ ಹೇಳಿದಂತೆ ಕೇಳಿದ ಸಾಧು ಗಾಡಿಗಳಿಗಿಂತ ಬೆವರಿಳಿಸಿದ ಗಾಡಿಗಳೇ ಹೆಚ್ಚು ಜಾಗ ಹಿಡಿದಿವೆ. ಇದನ್ನು ಕಳೆದುಹೋದ ಯೌವನದ ಹಂಬಲವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಯಾವ ವೇಗದಲ್ಲಿ ಹಿಂದಿನ ಚಕ್ರ ಹೊಯ್ದಾಡತೊಡಗಿತು, ಯಾವ ಬುಷ್ ಬದಲಿಸಿದ ಮೇಲೆ ಅದು ನಿಂತಿತು, ಯಾವ ಟೈರು ಹಾಕಿದಾಗ ಗಾಡಿಯ ಸ್ವಭಾವವೇ ಬದಲಾಯಿತು ಎಂಬ ಆ ನೆನಪಿನ ವಿವರಗಳಲ್ಲಿ, ಎರಡು ಚಕ್ರದ ವಾಹನ ಹೇಗೆ ನೆಟ್ಟಗೆ ನಿಂತು ಓಡುತ್ತದೆ ಎಂಬ ವಿದ್ಯೆಯ ಒಂದು ಮುಖ್ಯ ಅಧ್ಯಾಯವೇ ಅಡಗಿದೆ.

ಬೈಕಿನ ‘ಹ್ಯಾಂಡ್ಲಿಂಗ್’ ಎಂದರೆ, ಸವಾರನು ಹ್ಯಾಂಡಲ್ಲಿನ ಮೂಲಕ, ಮೈಯ ವಾಲುವಿಕೆಯ ಮೂಲಕ, ಎಕ್ಸಿಲರೇಟರ್ ಮತ್ತು ಬ್ರೇಕಿನ ಮೂಲಕ ಕೊಡುವ ಸೂಚನೆಗೆ ಗಾಡಿ ಎಷ್ಟು ನಿಖರವಾಗಿ, ಎಷ್ಟು ನಂಬಿಕೆಗೆ ಅರ್ಹವಾಗಿ ಸ್ಪಂದಿಸುತ್ತದೆ ಎಂಬ ಗುಣ. ಒಳ್ಳೆಯ ಗಾಡಿಯಲ್ಲಿ ಎರಡೂ ಚಕ್ರಗಳು ಒಂದೇ ಸಮತಲದಲ್ಲಿ ಇರುತ್ತವೆ. ಹಳ್ಳಕೊಳ್ಳ ಹಾಯ್ದರೂ, ತಿರುವಿನಲ್ಲಿ ವಾಲಿದರೂ, ಹಿಂದಿನ ಚಕ್ರ ಮುಂದಿನ ಚಕ್ರದ ಜಾಡನ್ನು ಬಿಡುವುದಿಲ್ಲ. ಕೆಟ್ಟ ಗಾಡಿಯಲ್ಲಿ ಈ ಎರಡು ಚಕ್ರಗಳ ನಡುವೆ ಇರುವ ಉಕ್ಕಿನ ಕೊಳವೆಗಳು ಬಾಗುತ್ತವೆ, ಕೀಲುಗಳು ಸಡಿಲವಾಗಿರುತ್ತವೆ, ಸ್ಪ್ರಿಂಗುಗಳು ಒಮ್ಮೆ ಕುಣಿದರೆ ನಿಲ್ಲುವುದಿಲ್ಲ. ಕಾರಿನಲ್ಲಿ ಇಂಥ ದೋಷ ಒಂದು ಅನನುಕೂಲವಾದರೆ, ಬೈಕಿನಲ್ಲಿ ಅದು ಮೈಮೂಳೆಗೆ ನೇರವಾಗಿ ಸಂಬಂಧಿಸಿದ ಸಂಗತಿ.

ಇನ್ನೊಂದು ಅಳತೆಯನ್ನೂ ಇಲ್ಲಿ ತಿಳಿದಿರಬೇಕು. ಬೈಕಿನ ಮುಂದಿನ ಫೋರ್ಕ್ ನೇರವಾಗಿ ಕೆಳಗಿಳಿಯದೆ ಮುಂದಕ್ಕೆ ಓರೆಯಾಗಿರುತ್ತದೆ; ಆ ಓರೆಯ ಗೆರೆಯನ್ನು, ಅಂದರೆ ಹ್ಯಾಂಡಲ್ ತಿರುಗುವ ಅಕ್ಷವನ್ನು, ನೆಲದವರೆಗೆ ಎಳೆದರೆ ಅದು ನೆಲವನ್ನು ಮುಟ್ಟುವ ಬಿಂದು ಟೈರು ನೆಲವನ್ನು ಮುಟ್ಟುವ ಜಾಗಕ್ಕಿಂತ ಕೆಲವು ಅಂಗುಲ ಮುಂದಿರುತ್ತದೆ. ಈ ಅಂತರಕ್ಕೆ ‘ಟ್ರೇಲ್’ ಎಂದು ಹೆಸರು. ಆಸ್ಪತ್ರೆಯ ಗಾಲಿಮಂಚವನ್ನು ತಳ್ಳಿದಾಗ ಅದರ ಪುಟ್ಟ ಚಕ್ರಗಳು ತಾವಾಗಿಯೇ ಸಾಗುವ ದಿಕ್ಕಿಗೆ ತಿರುಗಿಕೊಳ್ಳುವಂತೆ, ಬೈಕಿನ ಮುಂಚಕ್ರವೂ ಈ ಅಂತರದ ಬಲದಿಂದ ನೇರ ದಾರಿಗೆ ಮರಳುತ್ತದೆ. ಮಂಚವನ್ನು ಜೋರಾಗಿ ತಳ್ಳಿದಾಗ ಅದೇ ಚಕ್ರಗಳು ಪಟಪಟನೆ ಅತ್ತಿತ್ತ ಹೊಡೆದುಕೊಳ್ಳುವಂತೆ ಬೈಕಿನ ಮುಂಚಕ್ರವೂ ಹೊಡೆದುಕೊಳ್ಳಬಲ್ಲದು. ಟ್ರೇಲ್ ಹೆಚ್ಚಿದರೆ ಗಾಡಿ ತಿರುಗಲು ಹಟ ಮಾಡುತ್ತದೆ, ಕಡಿಮೆಯಾದರೆ ನೆಟ್ಟಗೆ ಸಾಗಲು ತಡವರಿಸುತ್ತದೆ. ಇವೆರಡರ ನಡುವಿನ ಹದವನ್ನು ಆ ಕಾಲದ ಕಾರ್ಖಾನೆಗಳು ಬಹುಮಟ್ಟಿಗೆ ಅನುಭವದಿಂದ, ಒಮ್ಮೊಮ್ಮೆ ಬರಿಯ ಊಹೆಯಿಂದ ಕಂಡುಕೊಳ್ಳುತ್ತಿದ್ದವು.

ಎರಡನೆಯ ಮಹಾಯುದ್ಧದವರೆಗೆ ಬಹುಪಾಲು ಬ್ರಿಟಿಷ್ ಬೈಕುಗಳಿಗೆ ಹಿಂದೆ ಸ್ಪ್ರಿಂಗೇ ಇರಲಿಲ್ಲ. ಹಿಂದಿನ ಚಕ್ರವನ್ನು ಚೌಕಟ್ಟಿಗೆ ನೇರವಾಗಿ ಬಿಗಿಯಲಾಗುತ್ತಿತ್ತು. ಸವಾರನ ಸೊಂಟಕ್ಕೆ ಇದು ಶಿಕ್ಷೆಯಾದರೂ ಬಾಗುವ ಕೀಲು ಒಂದು ಕಡಿಮೆ ಇದ್ದುದರಿಂದ ಗಾಡಿ ನೆಟ್ಟಗೆ ಓಡುತ್ತಿತ್ತು. ಯುದ್ಧಾನಂತರ ಜನ ಮೆತ್ತನೆಯ ಸವಾರಿ ಬಯಸಿದಾಗ ತೊಂದರೆ ಶುರುವಾಯಿತು. ಟ್ರಯಂಫ್ ಕಂಪನಿಯ ಎಡ್ವರ್ಡ್ ಟರ್ನರ್, ಎಂಜಿನ್ ವಿನ್ಯಾಸದಲ್ಲಿ ಅಸಾಮಾನ್ಯ ಪ್ರತಿಭಾವಂತ, ಚೌಕಟ್ಟನ್ನು ಬದಲಿಸುವ ಖರ್ಚಿಲ್ಲದೆ ಈ ಬೇಡಿಕೆಯನ್ನು ಪೂರೈಸಲು ಹಿಂದಿನ ಚಕ್ರದ ಹಬ್ಬಿನೊಳಗೇ ಸ್ಪ್ರಿಂಗುಗಳನ್ನು ಅಡಗಿಸಿದ ‘ಸ್ಪ್ರಂಗ್ ಹಬ್’ ಎಂಬ ಏರ್ಪಾಟನ್ನು ತಂದ. ಅದು ಮೇಲೆ ಕೆಳಗೆ ಆಡುತ್ತಿದ್ದದ್ದು ಸುಮಾರು ಎರಡು ಅಂಗುಲ ಮಾತ್ರ. ಕುಣಿತವನ್ನು ತಡೆಯುವ ಎಣ್ಣೆಯ ಡ್ಯಾಂಪರ್ ಅದರಲ್ಲಿ ಇರಲಿಲ್ಲ. ಒಳಗಿನ ಭಾಗಗಳು ಸವೆದಂತೆ ಚಕ್ರ ಮೇಲೆ ಕೆಳಗೆ ಆಡುವುದರ ಜೊತೆಗೆ ಪಕ್ಕಕ್ಕೂ ವಾಲುತ್ತಿತ್ತು. ಹಬ್ಬಿನೊಳಗಿನ ಸ್ಪ್ರಿಂಗುಗಳು ಭಾರಿ ಒತ್ತಡದಲ್ಲಿ ಇದ್ದುದರಿಂದ ಸಾಮಾನ್ಯರು ಅದನ್ನು ಬಿಚ್ಚಬಾರದೆಂಬ ಎಚ್ಚರಿಕೆಯನ್ನು ಹಬ್ಬಿನ ಮೇಲೆಯೇ ಅಚ್ಚೊತ್ತಲಾಗಿತ್ತು.

1954ರ ಹೊತ್ತಿಗೆ ಟ್ರಯಂಫ್ ತನ್ನ ವೇಗದ ಮಾದರಿಗಳಿಗೆ ‘ಸ್ವಿಂಗ್ ಆರ್ಮ್’ ಅಳವಡಿಸಿತು. ಹಿಂದಿನ ಚಕ್ರವನ್ನು ಎರಡು ಬದಿಯಿಂದ ಹಿಡಿದು, ಒಂದು ಅಡ್ಡ ಕೀಲಿನ ಮೇಲೆ ಮೇಲೆ ಕೆಳಗೆ ಆಡುವ ಕವಲು ತೋಳು ಇದು; ಇಂದಿನ ಬಹುಪಾಲು ಬೈಕುಗಳಲ್ಲಿ ಇದನ್ನು ಕಾಣಬಹುದು. ಆದರೆ ಟ್ರಯಂಫ್ ಆ ಕೀಲನ್ನು ಚೌಕಟ್ಟಿನ ನಡುವಿನ ಒಂದೇ ಕೊಳವೆಗೆ ಬೆಸೆದು, ತೋಳಿನ ಎರಡೂ ಹೊರತುದಿಗಳಿಗೆ ಆಸರೆ ಕೊಡದೆ ಬಿಟ್ಟಿತು. ತಿರುವಿನಲ್ಲಿ ವಾಲಿದಾಗ ಭಾರವೆಲ್ಲ ಆ ತೋಳನ್ನು ತಿರುಚುತ್ತಿತ್ತು, ಹಿಂದಿನ ಚಕ್ರ ತನಗೆ ತೋಚಿದ ಕಡೆ ದಾರಿ ಹಿಡಿಯುತ್ತಿತ್ತು. 1959ರಲ್ಲಿ ಬಂದ ಬಾನ್ವಿಲ್, 650 ಸಿ.ಸಿ.ಯ ಆ ಕಾಲದ ಕನಸಿನ ಗಾಡಿ, ಗಂಟೆಗೆ ನೂರು ಮೈಲಿ ಮೀರಿ ಓಡುವ ಎಂಜಿನ್ನನ್ನು ಇಂಥ ಚೌಕಟ್ಟಿನಲ್ಲೇ ಹೊತ್ತು ಮಾರುಕಟ್ಟೆಗೆ ಬಂತು. 1962ರಲ್ಲಿ ಡಗ್ ಹೀಲ್ ಎಂಬ ಎಂಜಿನಿಯರ್ ಸೇರಿದ ಮೇಲೆ ಹೊಸ ಚೌಕಟ್ಟು ಬಂದು, ಸ್ವಿಂಗ್ ಆರ್ಮಿನ ಹೊರತುದಿಗಳಿಗೆ ಎಂಜಿನ್ ಫಲಕಗಳ ಆಸರೆ ದೊರೆತು, ವರ್ಷದಿಂದ ವರ್ಷಕ್ಕೆ ಗಾಡಿ ಸುಧಾರಿಸಿತು. ಅರವತ್ತರ ದಶಕದ ಕೊನೆಯ ಬಾನ್ವಿಲ್‌ಗಳನ್ನು ಓಡಿಸಿದವರು ಅವನ್ನು ಹೊಗಳುವುದಕ್ಕೂ, ದಶಕದ ಮೊದಲಿನವನ್ನು ಓಡಿಸಿದವರು ಅದೇ ಹೆಸರನ್ನು ಕೇಳಿ ಹುಬ್ಬು ಗಂಟಿಕ್ಕುವುದಕ್ಕೂ ಕಾರಣ ಇಷ್ಟೇ.

ಹೀಗಾಗುವುದು ಅನಿವಾರ್ಯವೇನೂ ಆಗಿರಲಿಲ್ಲ, ಏಕೆಂದರೆ ಪರಿಹಾರ 1950ರಲ್ಲೇ ಕಣ್ಣೆದುರು ಇತ್ತು. ಬೆಲ್‌ಫಾಸ್ಟಿನ ರೆಕ್ಸ್ ಮೆಕ್ಯಾಂಡ್ಲೆಸ್ ತನ್ನ ಸೋದರನ ಜೊತೆಗೂಡಿ ನಾರ್ಟನ್ ಕಂಪನಿಗಾಗಿ ರೂಪಿಸಿದ ಚೌಕಟ್ಟಿನಲ್ಲಿ, ಉಕ್ಕಿನ ಎರಡು ಕೊಳವೆಗಳು ಎಂಜಿನ್ನಿನ ಎಡಬಲದಲ್ಲಿ ಪೂರ್ಣ ಸುತ್ತು ಹಾಕಿ, ಹ್ಯಾಂಡಲ್ಲಿನ ಬುಡದಲ್ಲಿ ಒಂದನ್ನೊಂದು ದಾಟಿ ಬೆಸೆದುಕೊಂಡಿದ್ದವು. ತೂಕ ಕಡಿಮೆ, ತಿರುಚುವಿಕೆಗೆ ತಡೆ ಹೆಚ್ಚು. ಹೆರಾಲ್ಡ್ ಡೇನಿಯಲ್ ಎಂಬ ಓಟಗಾರ ಇದನ್ನು ಗರಿಯ ಹಾಸಿಗೆಗೆ ಹೋಲಿಸಿದ್ದರಿಂದ ‘ಫೆದರ್‌ಬೆಡ್’ ಎಂಬ ಹೆಸರು ಬಂತೆನ್ನುತ್ತಾರೆ. ಆ ವರ್ಷ ಐಲ್ ಆಫ್ ಮ್ಯಾನ್ ದ್ವೀಪದ ಟಿ.ಟಿ. ಓಟದಲ್ಲಿ, ಸಾರ್ವಜನಿಕ ರಸ್ತೆಗಳ ಮೇಲೆ ನಡೆಯುವ ಸುಮಾರು 60 ಕಿಲೋಮೀಟರ್ ಸುತ್ತಿನ ಆ ಕಠಿಣ ಸ್ಪರ್ಧೆಯಲ್ಲಿ, ಸೀನಿಯರ್ ಮತ್ತು ಜೂನಿಯರ್ ವಿಭಾಗಗಳೆರಡರಲ್ಲೂ ಮೊದಲ ಮೂರು ಸ್ಥಾನ ನಾರ್ಟನ್ನಿನವಾದವು. ಸೀನಿಯರ್ ಓಟ ಗೆದ್ದವನು ಜೆಫ್ ಡ್ಯೂಕ್. ನಾರ್ಟನ್ನಿನ ಎಂಜಿನ್ ಹಳೆಯ ಮಾದರಿಯದಾಗಿತ್ತು, ಇಟಲಿಯ ನಾಲ್ಕು ಸಿಲಿಂಡರಿನ ಗಾಡಿಗಳು ಅದಕ್ಕಿಂತ ಬಲಶಾಲಿಯಾಗಿದ್ದವು. ಹಾಗಿದ್ದೂ ಅದು ಅವುಗಳಿಗೆ ಸರಿಸಾಟಿಯಾಗಿ ನಿಂತದ್ದರಲ್ಲಿ ಚೌಕಟ್ಟಿನ ಪಾಲೇ ದೊಡ್ಡದು.

ಇಂಗ್ಲೆಂಡಿನ ಯುವಕರು ಈ ಪಾಠವನ್ನು ಕಾರ್ಖಾನೆಗಳಿಗಿಂತ ಬೇಗ ಕಲಿತರು. ಕೆಟ್ಟ ಚೌಕಟ್ಟಿನಲ್ಲಿ ಕುಳಿತಿದ್ದ ಟ್ರಯಂಫಿನ ಒಳ್ಳೆಯ ಎಂಜಿನ್ನನ್ನು ಕಿತ್ತು, ನಾರ್ಟನ್ನಿನ ಫೆದರ್‌ಬೆಡ್ ಚೌಕಟ್ಟಿನಲ್ಲಿ ಕೂರಿಸಿ, ಎರಡೂ ಹೆಸರುಗಳನ್ನು ಬೆಸೆದು ‘ಟ್ರೈಟನ್’ ಎಂದು ಕರೆದರು. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಏಸ್ ಕೆಫೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದ ಇಂಥ ಗಾಡಿಗಳನ್ನು ಪುಂಡರ ಆಟಿಕೆಗಳೆಂದು ಅಂದಿನ ಪತ್ರಿಕೆಗಳು ಬರೆದವು. ವಾಸ್ತವದಲ್ಲಿ ಅವು, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಎಂಜಿನಿಯರಿಂಗ್ ಪದವಿಯಿಲ್ಲದವರು ಕಾರ್ಖಾನೆಗಳಿಗೆ ಬರೆದುಕೊಟ್ಟ ತಿದ್ದುಪಡಿ ಪತ್ರಗಳು. ರಿಕ್‌ಮನ್ ಸಹೋದರರು, ಡೇವ್ ಡೇಗನ್ಸ್, ಕಾಲಿನ್ ಸೀಲಿ, ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಎಗ್ಲಿ ಮುಂತಾದವರು ಮುಂದೆ ಈ ತಿದ್ದುಪಡಿಯನ್ನೇ ಕಸುಬಾಗಿಸಿಕೊಂಡರು. ದೊಡ್ಡ ಕಂಪನಿಗಳ ಎಂಜಿನ್ನಿಗೆ ತಮ್ಮದೇ ಚೌಕಟ್ಟು ಕಟ್ಟಿ ಮಾರಿದ ಅವರ ಹೆಸರು ಇಂದಿಗೂ ಗೌರವದಿಂದ ಉಳಿದಿದೆ.

ನಾರ್ಟನ್ ಕೂಡ ತಾನು ಕಂಡುಕೊಂಡ ದಾರಿಯಲ್ಲೇ ಕೊನೆಯವರೆಗೆ ನಡೆಯಲಿಲ್ಲ. 1967ರಲ್ಲಿ ಹೊರಬಂದ ಕಮ್ಯಾಂಡೊ ಮಾದರಿಯಲ್ಲಿ, ಜೋಡಿ ಸಿಲಿಂಡರಿನ ಎಂಜಿನ್ನಿನ ಕಂಪನ ಸವಾರನಿಗೆ ತಾಗದಂತೆ ಎಂಜಿನ್, ಗೇರ್‌ಬಾಕ್ಸ್ ಮತ್ತು ಸ್ವಿಂಗ್ ಆರ್ಮ್ ಮೂರನ್ನೂ ಒಟ್ಟಾಗಿ ರಬ್ಬರ್ ಬುಷ್‌ಗಳ ಮೇಲೆ ತೂಗಿಬಿಡಲಾಯಿತು. ‘ಐಸೊಲಾಸ್ಟಿಕ್’ ಎಂದು ಕರೆಯಲಾದ ಈ ಏರ್ಪಾಟು ಹೊಸದಾಗಿದ್ದಾಗ ಅದ್ಭುತ. ಪತ್ರಿಕೆಯೊಂದರ ಓದುಗರ ಮತದಿಂದ ಕಮ್ಯಾಂಡೊ ಬ್ರಿಟನ್ನಿನಲ್ಲಿ ಸತತ ಐದು ಬಾರಿ ‘ವರ್ಷದ ಬೈಕು’ ಎಂಬ ಮನ್ನಣೆ ಪಡೆಯಿತು. ಆದರೆ ರಬ್ಬರಿನ ಪಕ್ಕದ ಸಂದು ಅಂಗುಲದ ನೂರರಲ್ಲೊಂದು ಭಾಗದಷ್ಟು ಮಾತ್ರ ಇರಬೇಕಿತ್ತು, ಅದನ್ನು ತೆಳುವಾದ ಬಿಲ್ಲೆಗಳನ್ನು ಸೇರಿಸಿ ತೆಗೆದು ಹೊಂದಿಸಬೇಕಿತ್ತು. ಈ ಬೇಸರದ ಕೆಲಸವನ್ನು ಒಡೆಯ ಮುಂದೂಡಿದಷ್ಟೂ ಹಿಂದಿನ ಚಕ್ರ ಪಕ್ಕಕ್ಕೆ ಆಡತೊಡಗಿ, ಗಾಡಿಯನ್ನು ಹಿಂದಿನಿಂದ ಇನ್ನೊಬ್ಬರು ತಿರುಗಿಸುತ್ತಿರುವ ಅನುಭವವಾಗುತ್ತಿತ್ತು. ಒಂದೇ ಮಾದರಿಯ ಬಗ್ಗೆ ಇಬ್ಬರು ಒಡೆಯರು ತದ್ವಿರುದ್ಧ ನೆನಪುಗಳನ್ನು ಹೇಳಿದಾಗ ಇಬ್ಬರದೂ ನಿಜವೇ ಆಗಿರುತ್ತದೆ.

ಜಪಾನಿನ ಕಥೆ ಇನ್ನೂ ತೀವ್ರವಾದದ್ದು. 1969ರಲ್ಲಿ ಬಂದ ಹೋಂಡಾ ಸಿಬಿ750, ನಾಲ್ಕು ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ಗುಂಡಿ ಒತ್ತಿದರೆ ಚಾಲೂ ಆಗುವ ಎಣ್ಣೆ ಸೋರದ ಎಂಜಿನ್ ಕೊಟ್ಟು ಬ್ರಿಟಿಷ್ ಉದ್ಯಮವನ್ನು ನಡುಗಿಸಿತು. ಅದೇ ಸಮಯಕ್ಕೆ ಕಾವಾಸಾಕಿ ಹೊರತಂದ ‘ಮಾಕ್ 3’ ಅಥವಾ ಎಚ್1 ಎಂಬ ಗಾಡಿಯಲ್ಲಿ ಮೂರು ಸಿಲಿಂಡರಿನ 498 ಸಿ.ಸಿ. ಟೂ-ಸ್ಟ್ರೋಕ್ ಎಂಜಿನ್ ಇತ್ತು. 60 ಅಶ್ವಶಕ್ತಿ, ತೂಕ ಸುಮಾರು 174 ಕಿಲೋ. ಕಾಲು ಮೈಲಿಯ ನೇರ ಓಟದಲ್ಲಿ ಯಾರು ಮೊದಲೆಂಬುದೇ ದೊಡ್ಡ ಮಾತಾಗಿದ್ದ ಅಮೆರಿಕದ ಮಾರುಕಟ್ಟೆಗೆಂದೇ ಅದನ್ನು ರೂಪಿಸಲಾಗಿತ್ತು. ಟೂ-ಸ್ಟ್ರೋಕಿನ ಸ್ವಭಾವದಂತೆ ಕೆಳಗಿನ ವೇಗದಲ್ಲಿ ಸೌಮ್ಯವಾಗಿದ್ದ ಎಂಜಿನ್, ನಿರ್ದಿಷ್ಟ ಸುತ್ತು ದಾಟಿದೊಡನೆ ಇದ್ದ ಶಕ್ತಿಯನ್ನೆಲ್ಲ ಒಮ್ಮೆಗೇ ಸುರಿಯುತ್ತಿತ್ತು. ಭಾರ ಹಿಂಬದಿಗೆ ಹೆಚ್ಚು ಬಿದ್ದುದರಿಂದ ಮುಂಚಕ್ರ ನೆಲ ಬಿಡುತ್ತಿತ್ತು. ತಿರುವಿನ ನಡುವೆ ಹೀಗಾದರೆ ಸವಾರನ ಬಳಿ ಉಪಾಯವಿರಲಿಲ್ಲ. ಚೌಕಟ್ಟೂ ಸ್ವಿಂಗ್ ಆರ್ಮೂ ತೆಳು, ಮೊದಲ ಗಾಡಿಗಳ ಮುಂದಿನ ಬ್ರೇಕೂ ಡ್ರಮ್ಮೇ. 1972ರ ಮಾದರಿಯಾಗಿ ಬಂದ ಎಚ್2, 748 ಸಿ.ಸಿ., 74 ಅಶ್ವಶಕ್ತಿ, ಈ ಗುಣಗಳನ್ನು ಇನ್ನಷ್ಟು ಹಿಗ್ಗಿಸಿತು. ಹೆಂಡಿರನ್ನು ವಿಧವೆಯರಾಗಿಸುವ ಗಾಡಿ ಎಂಬ ಅರ್ಥದ ‘ವಿಡೋಮೇಕರ್’ ಎಂಬ ಅಡ್ಡಹೆಸರು ಇವುಗಳಿಗೆ ಅಂಟಿತು. ಎಚ್2 ಗಾಡಿಯಲ್ಲಿ ಹ್ಯಾಂಡಲ್ಲಿನ ಅಲುಗಾಟ ತಡೆಯುವ ಘರ್ಷಣೆಯ ಡ್ಯಾಂಪರ್ ಇದ್ದುದಲ್ಲದೆ, ಎಣ್ಣೆಯ ಡ್ಯಾಂಪರ್ ಒಂದನ್ನು ಕೂರಿಸಲು ಚೌಕಟ್ಟಿನಲ್ಲಿ ಜಾಗವನ್ನೂ ಮೊದಲೇ ಮಾಡಲಾಗಿತ್ತು. ಗಾಡಿಯ ಸ್ವಭಾವ ತಯಾರಿಸಿದವರಿಗೇ ತಿಳಿದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅದರ ಬೆನ್ನಲ್ಲೇ ಬಂದ ಕಾವಾಸಾಕಿಯ ಝಡ್1, 903 ಸಿ.ಸಿ., 82 ಅಶ್ವಶಕ್ತಿ, ಎಂಜಿನ್ನಿನ ದೃಷ್ಟಿಯಿಂದ ಬಹುಶಃ ಆ ದಶಕದ ಅತ್ಯುತ್ತಮ ಗಾಡಿ. ಗಂಟೆಗೆ ನೂರು ಮೈಲಿ ದಾಟಿದ ಮೇಲೆ ಉದ್ದನೆಯ ತಿರುವುಗಳಲ್ಲಿ ಅದು ಮೈಯೆಲ್ಲ ತೂಗಾಡುತ್ತಿತ್ತು. ಇದು ಜಪಾನಿನ ಕುಶಲತೆಯ ಕೊರತೆಯಲ್ಲ. ಎಂಜಿನ್ನಿನ ಶಕ್ತಿಯನ್ನು ಪ್ರಯೋಗಶಾಲೆಯ ಯಂತ್ರಕ್ಕೆ ಕಟ್ಟಿ ಅಂಕಿಯಲ್ಲಿ ಓದಬಹುದಿತ್ತು. ಚೌಕಟ್ಟಿನ ಗುಣವನ್ನು ಅಳೆಯುವ ಅಂಥ ಸಾಧನ ಆಗ ಯಾರ ಬಳಿಯೂ ಇರಲಿಲ್ಲ. ಜರ್ಮನಿಯ ಬಿಎಂಡಬ್ಲ್ಯು ಕೂಡ ತನ್ನ ಆರ್75/5 ಗಾಡಿಯ ವೇಗದ ಅಲುಗಾಟದ ದೂರು ಕೇಳಿ, 1973ರಲ್ಲಿ ಸ್ವಿಂಗ್ ಆರ್ಮನ್ನು 50 ಮಿಲಿಮೀಟರ್ ಉದ್ದ ಮಾಡಬೇಕಾಯಿತು.

ಇದೇ ಹೊತ್ತಿಗೆ ವಿಜ್ಞಾನ ಈ ಸಮಸ್ಯೆಗೆ ಕೈಹಾಕಿತು. ಇಂಗ್ಲೆಂಡಿನ ರಾಬಿನ್ ಶಾರ್ಪ್ 1971ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬೈಕಿನ ಅಸ್ಥಿರತೆಯನ್ನು ಗಣಿತದ ಮೂಲಕ ಮೂರು ಬಗೆಯಾಗಿ ಬಿಡಿಸಿ ತೋರಿಸಿದರು. ಒಂದು, ನಿಧಾನವಾಗಿ ಒಂದು ಬದಿಗೆ ವಾಲುವುದು. ಇದನ್ನು ಸವಾರ ತನಗರಿವಿಲ್ಲದೆಯೇ ಸರಿಪಡಿಸುತ್ತಾನೆ. ಎರಡನೆಯದು ‘ವಾಬಲ್’: ಮುಂಚಕ್ರ ಮತ್ತು ಹ್ಯಾಂಡಲ್ ಮಾತ್ರ ಸೆಕೆಂಡಿಗೆ ಏಳೆಂಟು ಬಾರಿ ಅತ್ತಿತ್ತ ಹೊಡೆದುಕೊಳ್ಳುವುದು. ಇದು ಮಿತಿಮೀರಿದಾಗ ಹ್ಯಾಂಡಲ್ ಪೆಟ್ರೋಲ್ ಟ್ಯಾಂಕಿಗೆ ಬಡಿಯುವಷ್ಟು ತಿರುಗುವುದರಿಂದ ಸವಾರರು ಇದನ್ನು ‘ಟ್ಯಾಂಕ್ ಸ್ಲ್ಯಾಪರ್’ ಎನ್ನುತ್ತಾರೆ. ಮೂರನೆಯದು ‘ವೀವ್’: ಇಡೀ ಗಾಡಿ ಸೆಕೆಂಡಿಗೆ ಎರಡು ಮೂರು ಬಾರಿ, ಹಿಂಬದಿಯನ್ನೂ ಸೇರಿಸಿಕೊಂಡು, ಹಾವಿನಂತೆ ಹೊರಳುವುದು, ವೇಗ ಹೆಚ್ಚಿದಂತೆ ಇದು ಬಲವಾಗುತ್ತದೆ. ಆ ಪ್ರಬಂಧದ ಒಂದು ಫಲಿತಾಂಶ ಸವಾರರಿಗೆ ತುಂಬ ಉಪಯುಕ್ತವಾದದ್ದು: ಹ್ಯಾಂಡಲ್ಲಿಗೆ ಡ್ಯಾಂಪರ್ ಬಿಗಿದರೆ ವಾಬಲ್ ಅಡಗುತ್ತದೆ, ಆದರೆ ಹೆಚ್ಚಿನ ವೇಗದಲ್ಲಿ ವೀವ್ ಮತ್ತಷ್ಟು ಹದಗೆಡುತ್ತದೆ. ದುಬಾರಿ ಡ್ಯಾಂಪರ್ ಹಾಕಿಸಿದ ಮೇಲೂ ತಮ್ಮ ಗಾಡಿ ಹೊಯ್ದಾಡುವುದೇಕೆಂದು ತಿಳಿಯದೆ ಕಂಗಾಲಾಗಿದ್ದ ಸಾವಿರಾರು ಒಡೆಯರ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು. ಮುಂದೆ 1974ರ ಅಧ್ಯಯನದಲ್ಲಿ ಅವರೇ ಚೌಕಟ್ಟಿನ ಹಿಂಭಾಗದ ತಿರುಚುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡು, ಸ್ವಿಂಗ್ ಆರ್ಮ್ ಸಡಿಲವಾದಷ್ಟೂ ವೀವ್ ಹೆಚ್ಚುವುದನ್ನು ತೋರಿಸಿದರು.

ಪ್ರಬಂಧಗಳನ್ನು ಓದದ ಸವಾರರು ಇದರ ಬಹುಭಾಗವನ್ನು ಅಂಗೈ ಮತ್ತು ತೊಡೆಗಳ ಮೂಲಕ ಮೊದಲೇ ಅರಿತಿದ್ದರು. ಗಾಡಿ ಅಲುಗತೊಡಗಿದಾಗ ಹ್ಯಾಂಡಲನ್ನು ಬಿಗಿಯಾಗಿ ಅಮುಕಬಾರದು, ಎಕ್ಸಿಲರೇಟರನ್ನು ಒಮ್ಮೆಗೇ ಮುಚ್ಚಬಾರದು, ಟ್ಯಾಂಕಿನ ಮೇಲೆ ಬಾಗಿ ಮೊಣಕಾಲಿನಿಂದ ಅದನ್ನು ಒತ್ತಿ ಹಿಡಿಯಬೇಕು, ಹಿಂದಿನ ಕ್ಯಾರಿಯರಿನ ತುದಿಯಲ್ಲಿ ಭಾರ ಹೇರಬಾರದು ಎಂಬ ತಿಳಿವಳಿಕೆ ಬಾಯಿಂದ ಬಾಯಿಗೆ ದಾಟಿತು. ರಿಪೇರಿಯ ವಿದ್ಯೆಯೂ ಹೀಗೆಯೇ ಬೆಳೆಯಿತು. ಹೊಸ ಜಪಾನಿ ಬೈಕು ಕೊಂಡವರು ಮೊದಲು ಮಾಡುತ್ತಿದ್ದ ಕೆಲಸ ಅದರ ಗಟ್ಟಿ ರಬ್ಬರಿನ ಟೈರುಗಳನ್ನು ಕಿತ್ತು ಡನ್‌ಲಪ್ ಟಿಟಿ100 ಹಾಕಿಸುವುದು; 1969ರಲ್ಲಿ ಮಾಲ್ಕಂ ಅಪ್‌ಹಿಲ್ ಎಂಬ ಓಟಗಾರ ಬಾನ್ವಿಲ್ ಗಾಡಿಯಲ್ಲಿ ಐಲ್ ಆಫ್ ಮ್ಯಾನ್ ಸುತ್ತನ್ನು ಗಂಟೆಗೆ ನೂರು ಮೈಲಿಗೂ ಮೀರಿದ ಸರಾಸರಿಯಲ್ಲಿ ಮುಗಿಸಿದ ನೆನಪಿಗೆ ಆ ಟೈರಿಗೆ ಈ ಹೆಸರು ಬಂದಿತ್ತು. ಆಮೇಲೆ ಹಾಲೆಂಡಿನ ಕೋನಿ ಶಾಕ್ ಅಬ್ಸಾರ್ಬರ್, ಸ್ವಿಂಗ್ ಆರ್ಮಿಗೆ ಪ್ಲಾಸ್ಟಿಕ್ ಬದಲು ಕಂಚಿನ ಬುಷ್, ಹ್ಯಾಂಡಲ್ಲಿನ ಬುಡಕ್ಕೆ ಗುಂಡುಗಳ ಬದಲು ರೋಲರ್ ಬೇರಿಂಗ್, ಫೋರ್ಕಿನ ಎರಡು ಕಾಲುಗಳನ್ನು ಬಂಧಿಸುವ ಅಡ್ಡಪಟ್ಟಿ. ಪ್ರತಿಯೊಂದರ ಪರಿಣಾಮವನ್ನೂ ಒಡೆಯ ಅದೇ ಸಂಜೆ ಅದೇ ತಿರುವಿನಲ್ಲಿ ಪರೀಕ್ಷಿಸುತ್ತಿದ್ದ. ಕೆಟ್ಟ ಗಾಡಿಗಳು ಇಷ್ಟು ಗಾಢವಾಗಿ ನೆನಪಿನಲ್ಲಿ ಉಳಿಯಲು ನಿಜವಾದ ಕಾರಣ ಇಲ್ಲಿದೆ ಎನ್ನಬೇಕು: ಒಳ್ಳೆಯ ಗಾಡಿ ಸವಾರನಿಂದ ಏನನ್ನೂ ಕೇಳುವುದಿಲ್ಲ, ಕೆಟ್ಟ ಗಾಡಿ ಅವನನ್ನು ತನ್ನ ಒಳಗಿನ ಕೀಲುಕೀಲನ್ನೂ ತಿಳಿಯುವಂತೆ ಮಾಡುತ್ತದೆ. ಈ ಕಲಿಕೆಗೆ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. ನೆನಪು ಹೇಳಲು ಉಳಿದವರು ಬದುಕಿ ಬಂದವರು, ಬಾರದವರೂ ಇದ್ದರು.

ಕಾರ್ಖಾನೆಗಳು ಕೊನೆಗೆ ಕಿವಿಗೊಟ್ಟವು. 1976ರ ಸುಜುಕಿ ಜಿಎಸ್750, ಸ್ವಿಂಗ್ ಆರ್ಮಿನ ಕೀಲಿಗೆ ಸೂಜಿ ರೋಲರ್ ಬೇರಿಂಗ್ ಇದ್ದ, ಗಟ್ಟಿ ಚೌಕಟ್ಟಿನ ಗಾಡಿ, ಜಪಾನಿನ ದೊಡ್ಡ ಬೈಕು ತಿರುವಿನಲ್ಲೂ ವಿಶ್ವಾಸಾರ್ಹವಾಗಬಲ್ಲುದೆಂದು ತೋರಿಸಿತು. ಎಂಬತ್ತರ ದಶಕದಲ್ಲಿ ಅಲ್ಯೂಮಿನಿಯಂ ಚೌಕಟ್ಟುಗಳು, ಹಿಂಬದಿಯ ಒಂಟಿ ಶಾಕ್ ಅಬ್ಸಾರ್ಬರ್, ರೇಡಿಯಲ್ ಟೈರುಗಳು ಬಂದ ಮೇಲೆ ಹಳೆಯ ಅರ್ಥದ ಕೆಟ್ಟ ಹ್ಯಾಂಡ್ಲಿಂಗ್ ಬಹುತೇಕ ಇತಿಹಾಸಕ್ಕೆ ಸೇರಿತು.

ಕರ್ನಾಟಕದ ಅನುಭವ ಬೇರೆಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಗಾಡಿಗಳ 250 ಸಿ.ಸಿ. ಎಂಜಿನ್, ಅವುಗಳ ಚೆಕ್ ಮೂಲದ ಗಟ್ಟಿ ಚೌಕಟ್ಟಿನ ತಾಕತ್ತನ್ನು ಮೀರುವಷ್ಟು ಬಲವಾಗಿರಲಿಲ್ಲ. ಶಕ್ತಿ ಮತ್ತು ಚೌಕಟ್ಟಿನ ಆ ಹೊಂದಾಣಿಕೆಯೇ ಅವುಗಳಿಗೆ ಇಂದಿಗೂ ಇರುವ ಪ್ರೀತಿಗೆ ಒಂದು ಆಧಾರ. ಅಸಮತೋಲದ ರುಚಿ ಇಲ್ಲಿನವರಿಗೆ ಸಿಕ್ಕಿದ್ದು 1983ರಲ್ಲಿ ಬಂದ ರಾಜದೂತ್ 350 ಗಾಡಿಯಿಂದ. ಎಪ್ಪತ್ತರ ದಶಕದ ಯಮಹಾ ಆರ್‌ಡಿ350ರ ಭಾರತೀಯ ರೂಪವಾದ ಅದರಲ್ಲಿ, ಮೈಲೇಜಿಗಾಗಿ ಶಕ್ತಿಯನ್ನು ಕುಗ್ಗಿಸಲಾಗಿದ್ದರೂ 30 ಅಶ್ವಶಕ್ತಿ ಉಳಿದಿತ್ತು, ಮೂಲದಲ್ಲಿದ್ದ ಮುಂದಿನ ಡಿಸ್ಕ್ ಬ್ರೇಕಿನ ಜಾಗಕ್ಕೆ ಮಾತ್ರ ಡ್ರಮ್ ಬಂದಿತ್ತು. ಚೌಕಟ್ಟು ಚೆನ್ನಾಗಿಯೇ ಇತ್ತು. ಆದರೆ ಎಕ್ಸಿಲರೇಟರ್ ಬಿಟ್ಟಾಗ ಟೂ-ಸ್ಟ್ರೋಕ್ ಎಂಜಿನ್ ಗಾಡಿಯನ್ನು ಅಷ್ಟಾಗಿ ತಡೆಯುವುದಿಲ್ಲವಾದ್ದರಿಂದ, ಚಾರ್ಮಾಡಿ ಅಥವಾ ಆಗುಂಬೆಯಂಥ ಘಾಟಿಯ ಇಳಿಜಾರಿನಲ್ಲಿ ಎಲ್ಲ ಭಾರ ಡ್ರಮ್ಮಿನ ಮೇಲೆ ಬಿದ್ದು, ಅದು ಕಾದಷ್ಟೂ ಹಿಡಿತ ಸಡಿಲವಾಗುತ್ತಿತ್ತು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಈಗ ಹಳೆಯ ಗಾಡಿಗಳನ್ನು ಹುಡುಕಿ ಕೊಂಡು, ಕ್ರೋಮ್ ಮಾಡಿಸಿ, ಟ್ಯಾಂಕಿಗೆ ಮೂಲ ಬಣ್ಣ ಬಳಿಸುವ ಯುವಜನ ಹೆಚ್ಚುತ್ತಿದ್ದಾರೆ. ಬಣ್ಣಕ್ಕೆ ಹಣ ಸುರಿಯುವ ಮೊದಲು ಅವರು ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರವನ್ನು ಎರಡೂ ಕೈಯಿಂದ ಹಿಡಿದು ಪಕ್ಕಕ್ಕೆ ಅಲುಗಿಸಿ ನೋಡಬೇಕು. ಕೂದಲೆಳೆಯಷ್ಟು ‘ಪ್ಲೇ’ ಕಂಡರೂ ಬೇರಿಂಗನ್ನೂ ಸ್ವಿಂಗ್ ಆರ್ಮಿನ ಬುಷ್‌ಗಳನ್ನೂ ಪರೀಕ್ಷಿಸಿ ಸವೆದದ್ದನ್ನು ಬದಲಿಸಬೇಕು. ಮುಂಚಕ್ರವನ್ನು ನೆಲದಿಂದೆತ್ತಿ ಹ್ಯಾಂಡಲ್ಲಿನ ಬುಡದ ಬೇರಿಂಗನ್ನು, ಅಂದರೆ ಕೋನ್ ಸೆಟ್ಟನ್ನು, ಪರೀಕ್ಷಿಸಬೇಕು. ಗೀರುಗಳು ಎಷ್ಟೇ ಆಳವಾಗಿ ಕಂಡರೂ ವರ್ಷಗಟ್ಟಲೆ ನಿಂತು ಗಟ್ಟಿಯಾದ ಟೈರನ್ನು ಎಸೆಯಬೇಕು. ಅರ್ಧ ಶತಮಾನದ ಹಿಂದಿನ ಸವಾರರು ಬಿದ್ದು ಕಲಿತ ಈ ಮೂರು ಕೆಲಸಗಳಿಗೆ ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ಅರ್ಧ ದಿನ ಸಾಕು.